ಬಿಸಿಲೂರಿನ ಕಂಪ್ಯೂಟರ್‌ಗೆ ಯಾವ ಕ್ಯಾಬಿನೆಟ್, ಯಾವ ಎಸ್‌ಎಂಪಿಎಸ್, ಯಾವ ಕೂಲರ್?

ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬ), ಕೂಲರ್ ಮಾತ್ರ ಉಳಿದ ದುಡ್ಡಲ್ಲಿ ಹೇಗೋ ಮುಗಿಸಿಬಿಡುತ್ತಾರೆ. ಕಲಬುರಗಿಯಲ್ಲಿ ಹಾಗೆ ಮಾಡಿದರೆ ನಡೆಯುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮದುವೆ ಸೀಸನ್ನೂ ಅದೇ ಹೊತ್ತಿಗೆ ಬರುತ್ತದೆ. ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಅಂದರೆ ವರ್ಷದಲ್ಲೇ ಹೆಚ್ಚು ಸುಡುವ ದಿನಗಳಲ್ಲಿ ನನ್ನ ಮಷಿನ್ ಗಂಟೆಗಟ್ಟಲೆ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ಹೊರತೆಗೆಯುವ ಕೆಲಸಕ್ಕೆ) ಕೂರಬೇಕು.

ಪ್ರೊಸೆಸರ್ ರೈಜನ್ 5 5600, ಕಾರ್ಡ್ ಆರ್‌ಟಿಎಕ್ಸ್ 3060. ಇವೆರಡನ್ನೂ ಮುಟ್ಟದೆ ಸುತ್ತಲಿನದ್ದನ್ನು ಮಾತ್ರ ಬದಲಿಸುತ್ತಾ ಹೋದೆ. ಮಧ್ಯಾಹ್ನದ ಹೊತ್ತು, ಒಂದೇ ರೂಮು, ಒಂದೇ ಪ್ರಾಜೆಕ್ಟ್. ತಾರಸಿ ಕೆಳಗಿನ ರೂಮಾದ್ದರಿಂದ ಒಳಗೇ 36-37 ಡಿಗ್ರಿ ಇರುತ್ತಿತ್ತು.

ಈ ರೂಮಿನ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಯಾವ ಕೂಲರ್ ಆದರೂ ರೂಮಿನ ಗಾಳಿಗಿಂತ ಪ್ರೊಸೆಸರನ್ನು ತಂಪು ಮಾಡಲಾರದು. ಅದು ಮಾಡುವುದು ಇಷ್ಟೇ: ರೂಮಿಗಿಂತ ಎಷ್ಟು ಡಿಗ್ರಿ ಮೇಲೆ ಹೋಗಬಹುದು ಅನ್ನುವುದನ್ನು ಹಿಡಿದಿಡುತ್ತದೆ. ಬೆಂಗಳೂರಲ್ಲಿ 26 ಡಿಗ್ರಿ ರೂಮಲ್ಲಿ ಕೂತವರು "ನಂದು 70 ದಾಟಲ್ಲ" ಅಂದರೆ, ಅದೇ ಸೆಟಪ್ ನನ್ನ ರೂಮಲ್ಲಿ 80ರಲ್ಲಿ ಓಡುತ್ತದೆ. ಯೂಟ್ಯೂಬ್‌ನಲ್ಲಿ ತೋರಿಸುವ ನಂಬರಿಗೆಲ್ಲ ನಮ್ಮೂರಲ್ಲಿ ಹತ್ತು ಡಿಗ್ರಿ ಸೇರಿಸಿ ನೋಡಬೇಕು.

ಮೊದಲು ಕ್ಯಾಬಿನೆಟ್. ಒಂದು, ಮುಂದೆ ಪೂರ್ತಿ ಗಾಜಿರುವುದು. ಅಂಗಡಿಯಲ್ಲಿ ಬಣ್ಣದ ಲೈಟ್ ಹಾಕಿ ಇಟ್ಟಿರುತ್ತಾರೆ, ಕಣ್ಣಿಗೆ ಹಬ್ಬ. ಇನ್ನೊಂದು ಕೋರ್ಸೇರ್ 4000ಡಿ ಏರ್‌ಫ್ಲೋ. ಇದರ ಮುಂಭಾಗ ತೂತುತೂತಿನ ಸ್ಟೀಲ್ ಜಾಲರಿ. ಗಾಜಿನದ್ದರಲ್ಲಿ ಮುಂದೆ ಮೂರು ಫ್ಯಾನ್ ಇದ್ದರೂ ಅವು ಗಾಳಿ ಎಳೆಯಬೇಕಾದದ್ದು ಪಕ್ಕದ ಬೆರಳಗಲದ ಸಂದಿಯಿಂದ. ಮೂಗು ಮುಚ್ಚಿಕೊಂಡು ಓಡು ಅಂದಂತಾಯಿತು. ರೆಂಡರ್ ಶುರುವಾದ ಸ್ವಲ್ಪ ಹೊತ್ತಿಗೇ ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು. ಅದು ಎನ್‌ವಿಡಿಯಾ ಇಟ್ಟಿರುವ ಗಡಿ. ಅಲ್ಲಿಗೆ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಜಾಲರಿಯ ಕ್ಯಾಬಿನೆಟ್‌ನಲ್ಲಿ ಅದೇ ಕಾರ್ಡ್ 74-75ರಲ್ಲಿ ಓಡಿತು, ಅದೂ ಎರಡೇ ಫ್ಯಾನ್‌ನಲ್ಲಿ.

ನಿಮ್ಮ ಹತ್ತಿರ ಈಗಾಗಲೇ ಗಾಜಿನ ಕ್ಯಾಬಿನೆಟ್ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಗೇಮ್ ಅಥವಾ ರೆಂಡರ್ ಓಡುತ್ತಿರುವಾಗಲೇ ಮುಂದಿನ ಪ್ಯಾನೆಲ್ ಕಿತ್ತು ಪಕ್ಕಕ್ಕಿಡಿ. ಪ್ಯಾನೆಲ್‌ಗೆ ವೈರ್ ಇದ್ದರೆ ಮೊದಲೇ ಬಿಡಿಸಿಟ್ಟಿರಿ. ಹತ್ತು ನಿಮಿಷದಲ್ಲಿ ಐದಾರು ಡಿಗ್ರಿ ಇಳಿದರೆ ಕ್ಯಾಬಿನೆಟ್ಟೇ ಉಸಿರು ಕಟ್ಟಿಸುತ್ತಿದೆ ಎಂದರ್ಥ. ಇನ್ನೊಂದು ಫ್ಯಾನ್ ತಂದು ಹಾಕಿದರೂ ಹೆಚ್ಚು ಉಪಯೋಗ ಆಗುವುದಿಲ್ಲ.

ಜಾಲರಿ ಅಂದರೆ ಧೂಳು ಜಾಸ್ತಿ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಧೂಳು ಎರಡಕ್ಕೂ ಬರುತ್ತದೆ. ವ್ಯತ್ಯಾಸ ಇರುವುದು ಅದು ಯಾವ ಕಡೆಯಿಂದ ಬರುತ್ತದೆ ಅನ್ನುವುದರಲ್ಲಿ. ಗಾಳಿ ಒಳಗೆಳೆಯುವ ಫ್ಯಾನ್‌ಗಳು ಹೊರಹಾಕುವುದಕ್ಕಿಂತ ಜಾಸ್ತಿ ಇದ್ದರೆ, ಗಾಳಿ ಮುಂದಿನ ಫಿಲ್ಟರ್ ಮೂಲಕವೇ ಬರುತ್ತದೆ, ಸಂದಿಗೊಂದಿಯಿಂದ ಹೊರಗೆ ಹೋಗುತ್ತದೆ. ಉಲ್ಟಾ ಇದ್ದರೆ ಸ್ಕ್ರೂ ತೂತಿಂದಲೂ ಧೂಳು ಎಳೆದುಕೊಳ್ಳುತ್ತದೆ. ಅದಕ್ಕೆ ನಾನು 4000ಡಿ ಮುಂದೆ ಇನ್ನೊಂದು 120 ಮಿಮೀ ಫ್ಯಾನ್ ಸೇರಿಸಿದೆ. ಮುಂದೆ ಎರಡು, ಹಿಂದೆ ಒಂದು. ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದು, ಪೂರ್ತಿ ಒಣಗಿಸಿ ಹಾಕಿದರೆ ಆಯಿತು. ಕ್ಯಾಬಿನೆಟ್ ಮಾತ್ರ ನೆಲದ ಮೇಲೆ ಇಡಬೇಡಿ. ಎಸ್‌ಎಂಪಿಎಸ್ ತಳದಲ್ಲಿ ಕೂತು ಕೆಳಗಿನಿಂದಲೇ ಗಾಳಿ ಎಳೆಯುತ್ತದೆ, ಕಸ ಗುಡಿಸಿದ್ದೆಲ್ಲ ಅದರ ಹೊಟ್ಟೆಗೆ.

ಕೂಲರ್ ವಿಷಯ ಬೇಗ ಮುಗಿಯುತ್ತದೆ. ಪ್ರೊಸೆಸರ್ ಜೊತೆ ಬಂದ ವ್ರೈತ್ ಸ್ಟೆಲ್ತ್, ಡೀಪ್‌ಕೂಲ್ ಎಕೆ400 ಎಂಬ ಟವರ್ ಕೂಲರ್ (ಲೋಹದ ರೆಕ್ಕೆಗಳ ಗೋಪುರಕ್ಕೆ ಫ್ಯಾನ್ ಕಟ್ಟಿದ್ದು), ಮತ್ತು ಒಂದು 240 ಮಿಮೀ ಲಿಕ್ವಿಡ್ ಕೂಲರ್ (ಪಂಪ್‌ನಿಂದ ದ್ರವ ಹರಿಸಿ ರೇಡಿಯೇಟರ್‌ನಲ್ಲಿ ಬಿಸಿ ಬಿಡುವಂಥದ್ದು). ಮೂರನ್ನೂ ಜಾಲರಿ ಕ್ಯಾಬಿನೆಟ್‌ನಲ್ಲೇ ನೋಡಿದೆ. 5600ಗೆ ಎಎಂಡಿ ಹೇಳಿರುವ ಗರಿಷ್ಠ ಮಿತಿ 90 ಡಿಗ್ರಿ. ವ್ರೈತ್ ಸ್ಟೆಲ್ತ್ ಮೇ ಮಧ್ಯಾಹ್ನದಲ್ಲಿ 88-89ಕ್ಕೆ ಹೋಗಿ, ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತಿತ್ತು. ಆಡಿಯೊ ಎಡಿಟ್ ಮಾಡುವವರು ಆ ಸದ್ದಿನ ಪಕ್ಕ ಕೂರಲಾರರು. ಎಕೆ400 ಅದೇ ಕೆಲಸವನ್ನು 73ರಲ್ಲಿ, ಕಿವಿಗೆ ಬೀಳದಷ್ಟು ಮೆಲ್ಲಗೆ ಮಾಡಿತು. ಲಿಕ್ವಿಡ್ ಕೂಲರ್ 70.

ಆ ಮೂರು ಡಿಗ್ರಿಗೆ ಎರಡರಷ್ಟಕ್ಕಿಂತ ಜಾಸ್ತಿ ದುಡ್ಡು. ಈ ಪ್ರೊಸೆಸರ್ ಫುಲ್ ಲೋಡ್‌ನಲ್ಲೂ ಎಳೆಯುವುದು 76 ವ್ಯಾಟ್. ನಾಲ್ಕು ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಇರುವ ಟವರ್ ಕೂಲರ್‌ಗೆ ಅದೊಂದು ಲೆಕ್ಕವೇ ಅಲ್ಲ. ಟವರ್ ಕೂಲರ್‌ನಲ್ಲಿ ಕೆಡುವಂಥದ್ದು ಫ್ಯಾನ್ ಒಂದೇ. ಕೆಟ್ಟರೆ ಇದ್ದೂರಲ್ಲೇ 120 ಮಿಮೀ ಫ್ಯಾನ್ ಸಿಗುತ್ತದೆ, ಅದೇ ದಿನ ಕೆಲಸ ಮುಂದುವರಿಯುತ್ತದೆ. ಲಿಕ್ವಿಡ್‌ನಲ್ಲಿ ಪಂಪ್ ನಿಂತರೆ ಪೂರ್ತಿ ಕೂಲರ್ರೇ ಬದಲಿಸಬೇಕು. ಮದುವೆ ಸೀಸನ್ ಮಧ್ಯೆ ಕೊರಿಯರ್ ಕಾಯುತ್ತಾ ಕೂರುವುದು ನನ್ನಿಂದಾಗದ ಕೆಲಸ.

ಟವರ್ ಕೂಲರ್ ಕೊಳ್ಳುವ ಮುಂಚೆ ಎತ್ತರ ನೋಡಿ. ಎಕೆ400 155 ಮಿಮೀ, 4000ಡಿಯಲ್ಲಿ 170 ಮಿಮೀವರೆಗೆ ಜಾಗ ಇದೆ. ಸಣ್ಣ ಕ್ಯಾಬಿನೆಟ್‌ಗಳಲ್ಲಿ ಪಕ್ಕದ ಗಾಜು ಮುಚ್ಚದೇ ಹೋಗಬಹುದು. ಇನ್ನೊಂದು ಮಾತು: ಎಎಂ4 (ಈ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್‌ನಿಂದ ಹಳೇ ಕೂಲರ್ ತೆಗೆಯುವಾಗ ನೇರ ಮೇಲೆ ಎಳೆಯಬೇಡಿ. ಪ್ರೊಸೆಸರ್, ಕೂಲರ್ ನಡುವೆ ಹಚ್ಚಿರುವ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡು, ಲಾಕ್ ಹಾಕಿದ್ದರೂ ಪ್ರೊಸೆಸರ್ ಪಿನ್ ಸಮೇತ ಕಿತ್ತು ಬರಬಹುದು. ಮಷಿನ್ ಸ್ವಲ್ಪ ಹೊತ್ತು ಲೋಡ್ ಕೊಟ್ಟು ಓಡಿಸಿ, ಬಿಸಿ ಇರುವಾಗಲೇ ಆಫ್ ಮಾಡಿ ಪ್ಲಗ್ ತೆಗೆಯಿರಿ. ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಪೇಸ್ಟ್ ಬಿಟ್ಟುಕೊಂಡಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ.

ಇನ್ನು ಎಸ್‌ಎಂಪಿಎಸ್. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬರುವ "450 ವ್ಯಾಟ್" ಡಬ್ಬ, 550 ವ್ಯಾಟ್ ಬ್ರಾಂಜ್, 650 ವ್ಯಾಟ್ ಗೋಲ್ಡ್ (ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಪಾಲು ಮಷಿನ್‌ಗೆ ಸಿಗುತ್ತದೆ ಅನ್ನುವುದಕ್ಕೆ 80 ಪ್ಲಸ್ ಎಂಬ ಪರೀಕ್ಷೆ ಕೊಡುವ ದರ್ಜೆ ಇವು): ಮೂರನ್ನೂ ಪಕ್ಕಪಕ್ಕ ಇಟ್ಟು ಲೇಬಲ್ ಓದಿ. ಮೇಲಿನ ದಪ್ಪಕ್ಷರದ ನಂಬರ್ ಬಿಡಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಅಂತ ನೋಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಆ ಸಾಲಿನ ಮೇಲೆ. ಫ್ರೀ ಡಬ್ಬದಲ್ಲಿ 16 ಆಂಪ್ ಇತ್ತು. 12ರಿಂದ ಗುಣಿಸಿದರೆ 192 ವ್ಯಾಟ್. ಬ್ರಾಂಜ್‌ನಲ್ಲಿ 45 ಆಂಪ್, ಅಂದರೆ 540 ವ್ಯಾಟ್. 3060 ಒಂದಕ್ಕೇ 170 ವ್ಯಾಟ್ ಬೇಕು, ಪ್ರೊಸೆಸರ್‌ಗೆ 76. ಬೋರ್ಡ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 300ರ ಹತ್ತಿರ ಬರುತ್ತದೆ. ಫ್ರೀ ಡಬ್ಬಕ್ಕೆ ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ಲೇ ಇರಲಿಲ್ಲ. ಕನ್ವರ್ಟರ್ ಹಾಕಿಕೊಳ್ಳಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಸಣ್ಣ ವೈರ್ ಮೇಲೆ ದೊಡ್ಡ ಭಾರ ಹೇರಿದರೆ ಕನೆಕ್ಟರ್ ಕರಗುತ್ತದೆ. ಕೈಯಲ್ಲಿ ಎತ್ತಿ ನೋಡಿದರೂ ಸಾಕು, ಬ್ರಾಂಜ್‌ನ ಅರ್ಧ ತೂಕವೂ ಫ್ರೀ ಡಬ್ಬಕ್ಕಿರಲಿಲ್ಲ.

ಫ್ರೀ ಡಬ್ಬವನ್ನು 3060ಗೆ ಜೋಡಿಸಲೇ ಇಲ್ಲ. ಹಳೇ ಸಣ್ಣ ಕಾರ್ಡ್ ಹಾಕಿ ಓಡಿಸಿದೆ. ವ್ಯತ್ಯಾಸ ಕಂಡದ್ದು ಕರೆಂಟ್ ಹೋದಾಗ. ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ಮಷಿನ್ ರೀಸ್ಟಾರ್ಟ್ ಆಗುತ್ತಿತ್ತು. ಒಳ್ಳೆಯ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿಟ್ಟ ಕರೆಂಟಿಂದ 16 ಮಿಲಿಸೆಕೆಂಡ್ ಸುತ್ತಮುತ್ತ ಮಷಿನ್ ನಡೆಸಬಲ್ಲದು. ಅಷ್ಟರಲ್ಲಿ ಇನ್ವರ್ಟರ್ ಬಂದುಬಿಡುತ್ತದೆ. ಬ್ರಾಂಜ್, ಗೋಲ್ಡ್ ಎರಡೂ 3060 ರೆಂಡರ್ ಮಾಡುತ್ತಿದ್ದಾಗಲೂ ಕದಲಲಿಲ್ಲ. ಆದರೆ ನಿಮ್ಮ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿ (ಬೇಗ ಬದಲಾಗುವ ಮೋಡ್) ಇರಬೇಕು, ಸೈನ್ ವೇವ್ (ಮನೆ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ಆಗಿದ್ದರೆ ಇನ್ನೂ ಒಳ್ಳೆಯದು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಗುಂಯ್‌ಗುಡಬಹುದು, ಆಫೂ ಆಗಬಹುದು.

ಬ್ರಾಂಜಾ, ಗೋಲ್ಡಾ? ಕರೆಂಟ್ ಬಿಲ್ ಉಳಿಯುತ್ತೆ ಅಂತ ಗೋಲ್ಡ್ ಮಾರುತ್ತಾರೆ. ಲೆಕ್ಕ ಹಾಕಿ. ಮೂಲ 80 ಪ್ಲಸ್ ಅಳತೆಯಲ್ಲಿ ಅರ್ಧ ಲೋಡ್‌ಗೆ ಬ್ರಾಂಜ್ ಶೇ 85, ಗೋಲ್ಡ್ ಶೇ 90. 250 ವ್ಯಾಟ್ ಲೋಡ್‌ಗೆ ಗೋಡೆಯಿಂದ ಎಳೆಯುವುದರಲ್ಲಿ ವ್ಯತ್ಯಾಸ 16 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೂ ವರ್ಷಕ್ಕೆ 24 ಯೂನಿಟ್. ಮೂರ್ನಾಲ್ಕು ಸಾವಿರ ಜಾಸ್ತಿ ಕೊಟ್ಟದ್ದು ಬಿಲ್ಲಿನಲ್ಲಿ ವಾಪಸ್ ಬರುವುದಿಲ್ಲ. ಗೋಲ್ಡ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಬೇರೆ: ಫ್ಯಾನ್ ಸದ್ದು ಕಡಿಮೆ, ಹಲವದರಲ್ಲಿ ಬೇಡದ ಕೇಬಲ್ ಬಿಚ್ಚಿಡಬಹುದು, ವಾರಂಟಿ ಜಾಸ್ತಿ.

ಈ ಬಣ್ಣದ ಸ್ಟಿಕ್ಕರ್‌ಗಿಂತ ನಮ್ಮಂಥ ಊರಿನವರು ನೋಡಬೇಕಾದ ನಂಬರ್ ಒಂದಿದೆ. 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ರೂಮಲ್ಲಿ. ನಮ್ಮ ಕ್ಯಾಬಿನೆಟ್ ಒಳಗೆ 45 ಇರುತ್ತದೆ. ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ಪೂರ್ತಿ ವ್ಯಾಟ್ ಎಷ್ಟು ಡಿಗ್ರಿವರೆಗೆ ಕೊಡುತ್ತದೆ ಅಂತ ಬರೆದಿರುತ್ತಾರೆ: ಕೆಲವಕ್ಕೆ 30, ಕೆಲವಕ್ಕೆ 40, ಒಳ್ಳೆಯವಕ್ಕೆ 50. 40 ಇರುವ ಬ್ರಾಂಜನ್ನು, 30 ಇರುವ ಅದೇ ಬೆಲೆಯ ಇನ್ನೊಂದಕ್ಕಿಂತ ಕಣ್ಣು ಮುಚ್ಚಿ ಆರಿಸುತ್ತೇನೆ. ನನ್ನ ಮಷಿನ್‌ನಲ್ಲಿ ಈಗ ಇರುವುದೂ ಅಂಥ 550 ಬ್ರಾಂಜೇ. 300 ವ್ಯಾಟ್ ಅದಕ್ಕೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ಬಿಸಿಲಿಗೂ ಜಾಗ ಉಳಿಯುತ್ತದೆ.

ಎಸ್‌ಎಂಪಿಎಸ್ ಎಷ್ಟೇ ಒಳ್ಳೆಯದಿರಲಿ, ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಹಾಕಬೇಡಿ. ಕ್ಯಾಬಿನೆಟ್‌ನ ಬರೀ ಲೋಹ ಮುಟ್ಟಿದಾಗ ಜುಂ ಅಂದರೆ, ಟೆಸ್ಟರ್ ತಾಗಿಸಿದರೆ ಕೆಂಪು ದೀಪ ಹತ್ತಿದರೆ, ಬಹುತೇಕ ಅರ್ಥಿಂಗ್ ಇಲ್ಲ ಎಂದೇ ಅರ್ಥ. ಮೊದಲು ಎಲೆಕ್ಟ್ರಿಶಿಯನ್ ಕರೆಸಿ, ಆಮೇಲೆ ಕಂಪ್ಯೂಟರ್.

ದೊಡ್ಡ ಪ್ರೊಸೆಸರ್ ಹಾಕುವವರ ಲೆಕ್ಕ ಬೇರೆ. 200 ವ್ಯಾಟ್ ದಾಟುವ ರೈಜನ್ 9, ಕೋರ್ ಐ9 ಆದರೆ 360 ಮಿಮೀ ಲಿಕ್ವಿಡ್ ಕೂಲರ್‌ಗೆ ಅರ್ಥ ಇದೆ, 850 ವ್ಯಾಟ್ ಗೋಲ್ಡ್‌ಗೂ ಅರ್ಥ ಇದೆ. ಆಗಲೂ ರೇಡಿಯೇಟರನ್ನು ಮೇಲ್ಗಡೆ ಕೂರಿಸಿ. ಮುಂದೆ ಕೂರಿಸಿದರೆ ಪ್ರೊಸೆಸರ್‌ನ ಬಿಸಿ ಗಾಳಿ ನೇರ ಗ್ರಾಫಿಕ್ಸ್ ಕಾರ್ಡ್ ಮೇಲೆ ಹೋಗುತ್ತದೆ. ಕ್ಯಾಬಿನೆಟ್ ಮಾತ್ರ ಆಗಲೂ ಜಾಲರಿಯದ್ದೇ ಇರಲಿ.