ಪಾತ್ರಕ್ಕೆ ಗಾಯವಾದಾಗ: ಎರಡು ಪದ್ಧತಿಗಳ ಹೋಲಿಕೆ

ಚಿಕ್ಕಮಗಳೂರಿನಲ್ಲಿ ಭಾನುವಾರಗಳಂದು ಸೇರಿ ರೋಲ್‌ಪ್ಲೇಯಿಂಗ್ ಆಟ (ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರ ವಹಿಸಿ, ದಾಳ ಎಸೆದು ಮುಂದಿನದನ್ನು ನಿರ್ಧರಿಸುವ ಆಟ) ಆಡುವ ನಮ್ಮ ಗುಂಪು, ಪಾತ್ರಗಳ ಗಾಯವನ್ನು ನಿಭಾಯಿಸುವ ಎರಡು ಪದ್ಧತಿಗಳನ್ನೂ ಬಳಸಿ ನೋಡಿದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ 2014ರ ನಿಯಮಗಳಲ್ಲಿ ಪೆಟ್ಟು ಬಿದ್ದಂತೆಲ್ಲ ಹಿಟ್ ಪಾಯಿಂಟ್ (ಪಾತ್ರ ಇನ್ನೆಷ್ಟು ಪೆಟ್ಟು ತಾಳಬಲ್ಲದೆಂಬ ಅಂಕ) ಕಡಿಮೆಯಾಗುತ್ತದೆಯಾದರೂ, ಒಂದೇ ಪಾಯಿಂಟ್ ಉಳಿದ ಪಾತ್ರವೂ ಪೂರ್ಣ ಬಲದಿಂದ ಕತ್ತಿ ಬೀಸಬಲ್ಲದು; 8 ಗಂಟೆಗಳ ದೀರ್ಘ ವಿಶ್ರಾಂತಿಯ ಬಳಿಕ ಕಳೆದುಹೋದ ಪಾಯಿಂಟ್‌ಗಳೆಲ್ಲ ಮರಳುತ್ತವೆ. ಲೆಕ್ಕ ಸುಲಭ, ಆಟವೂ ಚುರುಕು.

ಸ್ಯಾವೇಜ್ ವರ್ಲ್ಡ್ಸ್ ಎಂಬ ಇನ್ನೊಂದು ಆಟದಲ್ಲಿ ಪ್ರತಿ ಗಾಯಕ್ಕೂ ದಾಳದ ಫಲದಿಂದ 1 ಕಳೆಯಬೇಕು. ಮುಖ್ಯ ಪಾತ್ರವು 3 ಗಾಯಗಳವರೆಗೆ ತಾಳಿಕೊಂಡು, ಅದಕ್ಕೂ ಮೀರಿದರೆ ಕುಸಿಯುತ್ತದೆ. ಮೊದಲ ಒಂದು ಗಂಟೆಯೊಳಗೆ ಶುಶ್ರೂಷೆ ಫಲಿಸದಿದ್ದರೆ, ಗಾಯ ತಾನಾಗಿ ಮಾಯಲು 5 ದಿನಗಳಿಗೊಮ್ಮೆ ದಾಳ ಎಸೆಯುತ್ತ ಕಾಯಬೇಕಾಗುತ್ತದೆ. ನಮ್ಮ ಕಥೆಯಲ್ಲಿ ಮುಳ್ಳಯ್ಯನಗಿರಿಯ ಮಂಜಿನ ಹಾದಿಯಲ್ಲಿ ಜಾರಿಬಿದ್ದ ಬೇಟೆಗಾರನನ್ನು ಜೊತೆಗಾರರು ಕಂಬಳಿಯಲ್ಲಿ ಹೊತ್ತು ತಂದು, ಕಾಫಿ ತೋಟದ ಲೈನ್ ಮನೆಯಲ್ಲಿ ಮಲಗಿಸಿ, ಊದಿದ ಮೊಣಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಅವನು ಚೇತರಿಸಿಕೊಳ್ಳುವಷ್ಟರಲ್ಲಿ ಅವರು ಬೆನ್ನಟ್ಟಿದ್ದ ಕಳ್ಳರು ಘಟ್ಟ ಇಳಿದಾಗಿತ್ತು. ಆ ವಿಳಂಬವೇ ನಮಗೆ ಹೊಸ ಕಥೆಯೊಂದನ್ನು ಕೊಟ್ಟಿತು.

ತಿಂಗಳಿಗೊಮ್ಮೆ ಸೇರಿ ಕಾಳಗವನ್ನೇ ಬಯಸುವವರಿಗೆ ಮೊದಲನೆಯದು ಸಾಕು. ವಾರವಾರವೂ ಆಡುವ ತಂಡಕ್ಕೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಆದರೆ ಮಲಗಿದ ಪಾತ್ರದ ಆಟಗಾರ ಸುಮ್ಮನೆ ಕೂರಬಾರದು, ಅಷ್ಟು ದಿನಕ್ಕೆ ಅವರಿಗೆ ಬೇರೊಂದು ಪಾತ್ರವನ್ನು ವಹಿಸಿಕೊಡಿ. ಪರಿಚಿತ ನಿಯಮಗಳನ್ನು ಬಿಡಲು ಮನಸ್ಸಿಲ್ಲದವರು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮಗಳಲ್ಲೇ ಇರುವ, ದೀರ್ಘ ವಿಶ್ರಾಂತಿಯನ್ನು 7 ದಿನಗಳಿಗೆ ಹಿಗ್ಗಿಸುವ ಐಚ್ಛಿಕ ನಿಯಮವನ್ನು ಅಳವಡಿಸಿಕೊಳ್ಳಬಹುದು.