ಕಾಫಿಪುಡಿಗೆ ಕಮಟು: ಐದು ಕಡೆ ಇಟ್ಟು ನೋಡಿದೆ

ನಮ್ಮ ಮನೆಯಲ್ಲಿ ತಿಂಗಳಿಗೆ ಒಂದು ಕೆಜಿ ಕಾಫಿಪುಡಿ ಬೇಕು. ಮೊದಲ ವಾರ ಡಿಕಾಕ್ಷನ್ ಇಳಿಯುವಾಗಲೇ ಘಮ ಹಾಲ್‌ವರೆಗೂ ಬರುತ್ತದೆ. ಮೂರನೇ ವಾರಕ್ಕೆ ಅದೇ ಪುಡಿ ಹಳೇ ಎಣ್ಣೆ ವಾಸನೆ ಹೊಡೆಯುತ್ತದೆ. "ಕಮಟು ಬಂದಿದೆ ಕಣಮ್ಮ, ಹಾಲು ಜಾಸ್ತಿ ಹಾಕು" ಎಂದು ಅತ್ತೆ ಲೋಟ ಕೆಳಗಿಟ್ಟರೆ ನನಗೆ ಬೇಜಾರಾಗುತ್ತಿತ್ತು. ಹಾಲು ಹಾಕಿದರೆ ಕಮಟು ಮುಚ್ಚಿಹೋಗುತ್ತದೆ, ಹೋಗುವುದಿಲ್ಲ ಅಲ್ವಾ?

ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕೂತೆ. ಮೈಸೂರಿನ ಬಿಸಿಲು 35 ಡಿಗ್ರಿ ದಾಟುವ ಕಾಲ, ಪುಡಿ ಬೇಗ ಕೆಡುವುದೂ ಆಗಲೇ. ಒಂಟಿಕೊಪ್ಪಲಿನಲ್ಲಿ ಒಂದೇ ದಿನ ಹುರಿದ ಬೀಜ ತಂದೆ. 80 ಪಾಲು ಕಾಫಿ, 20 ಪಾಲು ಚಿಕೋರಿ. 200 ಗ್ರಾಂನಂತೆ ನಾಲ್ಕು ಪಾಲು ಅಂಗಡಿಯಲ್ಲೇ ಪುಡಿ ಮಾಡಿಸಿದೆ. ಐದನೆಯದನ್ನು ಬೀಜವಾಗಿಯೇ ಇಟ್ಟು, ಬೇಕಾದಾಗ ಪುಡಿ ಮಾಡಿ ಚಿಕೋರಿ ಬೆರೆಸಿದೆ. 21ನೇ ದಿನ ಐದು ಡಿಕಾಕ್ಷನ್ ಇಳಿಸಿ, ಬಿಸಿನೀರು ಮಾತ್ರ ಬೆರೆಸಿ, ಲೋಟದ ತಳಕ್ಕೆ ಚೀಟಿ ಅಂಟಿಸಿ ಅತ್ತೆಗೂ ಪಕ್ಕದ ಮನೆ ಆಂಟಿಗೂ ಕೊಟ್ಟೆ.

ಕಿಟಕಿ ಪಕ್ಕದ ಗಾಜಿನ ಬಾಟಲಿ ಎಲ್ಲಕ್ಕಿಂತ ಮೊದಲು ಸೋತಿತು. ನೋಡಲು ಚೆಂದ, ಆದರೆ ಬೆಳಕೂ ಬೀಳುತ್ತದೆ, ಬಿಸಿಯೂ ತಾಗುತ್ತದೆ. ಇಬ್ಬರೂ ಒಂದೇ ಗುಟುಕಿಗೆ ಪಕ್ಕಕ್ಕಿಟ್ಟರು. ಕಪಾಟಿನ ಸ್ಟೀಲ್ ಡಬ್ಬಿ ಮೊದಲ ಹತ್ತು ದಿನ ಚೆನ್ನಾಗಿಯೇ ಇತ್ತು. ಪುಡಿ ಇಳಿದ ಹಾಗೆ ಡಬ್ಬಿಯೊಳಗೆ ಗಾಳಿ ಜಾಸ್ತಿ ಆಗುತ್ತದೆ. ಕಾಫಿ ಬೀಜದಲ್ಲಿ ಎಣ್ಣೆ ಇದೆ, ಅರೇಬಿಕಾದಲ್ಲಿ ರೋಬಸ್ಟಾಗಿಂತ ಹೆಚ್ಚು. ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗಲೇ ಕಮಟು. ಅರ್ಧ ಖಾಲಿ ಡಬ್ಬಿಯಲ್ಲಿ ಇದು ಜೋರಾಗಿ ನಡೆಯುತ್ತದೆ.

ಫ್ರೀಜರ್ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಕಮಟು ಬರಲಿಲ್ಲ, ನಿಜ. ಆದರೆ ದಿನಾ ಹೊರಗೆ ತೆಗೆದು ಮುಚ್ಚಳ ಬಿಚ್ಚಿದ್ದಕ್ಕೆ ತಣ್ಣಗಿನ ಪುಡಿ ಮೇಲೆ ತೇವ ಕೂತಿತು. ಚಿಕೋರಿ ನೀರು ಎಳೆದು ಗಂಟು ಕಟ್ಟಿತು. ರುಚಿ ಮುಗ್ಗಲು. ಮುಂದಿನ ತಿಂಗಳು ಐದೈದು ದಿನಕ್ಕೆ ಆಗುವಷ್ಟು ಪೊಟ್ಟಣ ಕಟ್ಟಿ, ಬೇಕಾದ್ದನ್ನು ಹಿಂದಿನ ರಾತ್ರಿಯೇ ಹೊರಗಿಟ್ಟು, ಬೆಳಿಗ್ಗೆ ಬಿಚ್ಚಿದೆ. ಆಗ ಸರಿಹೋಯಿತು.

ವಾಲ್ವ್ ಇರುವ ಪೌಚ್ ಅಷ್ಟೇನೂ ತಲೆನೋವಿಲ್ಲದ ದಾರಿ. ಹೊಸದಾಗಿ ಹುರಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ವಾಲ್ವ್ ಅದನ್ನು ಹೊರಗೆ ಬಿಡುತ್ತದೆ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಪ್ರತಿ ಸಲ ಅಂಗೈಯಲ್ಲಿ ಒತ್ತಿ ಗಾಳಿ ತೆಗೆದು ಮುಚ್ಚಬೇಕು, ಅಷ್ಟೇ. 21ನೇ ದಿನ ಘಮ ಕಮ್ಮಿಯಾಗಿತ್ತು, ಸ್ವಲ್ಪ ಸಪ್ಪೆ. ಕಮಟು ಮಾತ್ರ ಇರಲಿಲ್ಲ. ಸಪ್ಪೆಯಾದರೆ ಘಮ ಹಾರಿದೆ, ಮುಗ್ಗಲಾದರೆ ತೇವ ತಾಗಿದೆ, ಕಮಟಾದರೆ ಎಣ್ಣೆ ಕೆಟ್ಟಿದೆ. ಈ ಮೂರನ್ನು ನಾಲಿಗೆ ಬೇರೆ ಮಾಡಲು ಕಲಿತರೆ ತಪ್ಪು ಎಲ್ಲಿದೆ ಎಂದು ಸುಲಭವಾಗಿ ಸಿಗುತ್ತದೆ.

ಘಮದಲ್ಲಿ ಬೀಜವೇ ಗೆದ್ದಿತು. ಬೀಜ ಪುಡಿಯಾದ ಮೇಲೆ ಗಾಳಿಗೆ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ, ಹಾಗಾಗಿ ಇಡಿಯಾಗಿದ್ದರೆ ಬಾಳಿಕೆ. ಆದರೂ ಅತ್ತೆ, "ಇದರಲ್ಲೂ ಕೊನೇಲಿ ಒಂಚೂರು ಕಮಟಿದೆ" ಎಂದರು. ಅಂದೇ ಪುಡಿ ಮಾಡಿದ್ದು, ಹೇಗೆ ಸಾಧ್ಯ? ಫಿಲ್ಟರ್ ಮೂಸಿದೆ. ಅಲ್ಲಿತ್ತು! ದಿನಾ ಸುಮ್ನೆ ನೀರಲ್ಲಿ ತೊಳೆಯುತ್ತಿದ್ದೆ, ತೂತುಗಳಲ್ಲಿ ಹಳೇ ಎಣ್ಣೆ ಕಂದಾಗಿ ಕೂತಿತ್ತು. ಬಿಸಿನೀರಿಗೆ ಅಡುಗೆ ಸೋಡ ಹಾಕಿ ಅರ್ಧ ಗಂಟೆ ನೆನೆಸಿದೆ. ಮೇಲಿನ ತೂತಿನ ಪಾತ್ರೆಯ ತಳವನ್ನು ಒಲೆಯ ಉರಿಗೆ ಹಿಡಿದು ಕಟ್ಟಿದ್ದನ್ನು ಸುಟ್ಟೆ. ಮತ್ತೆ ಇಳಿಸಿದಾಗ ಬೀಜದ ಕಾಫಿ ಸ್ವಚ್ಛ, ಪೌಚಿನದೂ ಸ್ವಚ್ಛ.

ಬೆಳಿಗ್ಗೆ ಐದೂವರೆಗೆ ಮಿಕ್ಸಿ ಹಾಕಲು ಮನಸ್ಸಾಗುವುದಿಲ್ಲ, ಅದರಲ್ಲಿ ಪುಡಿ ಒಂದೇ ಸಮ ಬರುವುದೂ ಇಲ್ಲ. ಹಾಗಾಗಿ ಬೀಜ ಭಾನುವಾರಕ್ಕೆ. ಉಳಿದ ದಿನ ವಾರಕ್ಕೆ 250 ಗ್ರಾಂ ಪುಡಿ ತಂದು ಪೌಚಿನಲ್ಲಿಡುತ್ತೇನೆ. ಸ್ಟೀಲ್ ಡಬ್ಬಿಗೆ ಎರಡು ದಿನದ ಪುಡಿ ಮಾತ್ರ. ಫಿಲ್ಟರ್‌ಗೆ ಶನಿವಾರ ರಾತ್ರಿ ಸೋಡ ನೀರು.