ಹಳದಿ ಮಾರ್ಗದ ಮೆಟ್ರೋ: ಮೃದಂಗದ ಪಾಠಕ್ಕೆ ಹೊತ್ತಿಗೆ ಸರಿಯಾಗಿ

ಕೋಡ್ ಬರೆಯೋ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ರಾಗಿಗುಡ್ಡದ ಹತ್ರ. ವಾರದಲ್ಲಿ ಎರಡು ಸಂಜೆ ಏಳು ಗಂಟೆಗೆ ಜಯನಗರ ಐದನೇ ಬ್ಲಾಕಿನಲ್ಲಿ ಮೃದಂಗದ ಪಾಠ. ಬೆಂಗಳೂರು ಮೆಟ್ರೋದ ಹಳದಿ ಮಾರ್ಗದ ಬಗ್ಗೆ ನಾನು ಹೇಳೋದೆಲ್ಲ ಈ ಓಡಾಟದ ಲೆಕ್ಕದಲ್ಲೇ.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ. ಚಿಲ್ಲರೆ, 16 ನಿಲ್ದಾಣ. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದಿದ್ದು ಮೂರೇ ರೈಲು, 25 ನಿಮಿಷಕ್ಕೊಂದು. ತಪ್ಪಿಸಿಕೊಂಡರೆ ಪ್ಲಾಟ್‌ಫಾರ್ಮಿನಲ್ಲೇ ಒಂದು ಮೀಟಿಂಗ್ ಮುಗಿಸಬಹುದಿತ್ತು. ರೈಲುಗಳು ಸೇರ್ತಾ ಹೋದ ಹಾಗೆ ಕಾಯೋದು ಕಡಿಮೆಯಾಯ್ತು.

ಬೇಗ ತಲುಪೋದಿರಲಿ, ಯಾವಾಗ ತಲುಪ್ತೀನಿ ಅಂತ ಗೊತ್ತಿರತ್ತಲ್ಲ, ನನಗೆ ದೊಡ್ಡದು ಅದು. ಮುಂಚೆ ಸಿಲ್ಕ್ ಬೋರ್ಡ್ ದಾಟೋಕೆ ಮಳೆ ಬಂದರೆ ಒಂದು ಲೆಕ್ಕ, ಲಾರಿ ಕೆಟ್ಟು ನಿಂತರೆ ಇನ್ನೊಂದು. ಮೇಷ್ಟ್ರಿಗೆ ‘ಬಂದೆ ಸಾರ್’ ಅಂತ ಮೆಸೇಜ್ ಹಾಕಿ ಬೊಮ್ಮನಹಳ್ಳಿಯಲ್ಲೇ ನಿಂತಿರ್ತಿದ್ದೆ. ಹೋಗೋಷ್ಟರಲ್ಲಿ ಉಳಿದವರ ಪಾಠ ಅರ್ಧ ಮುಗಿದಿರೋದು. ಈಗ ಆರಕ್ಕೆ ಆಫೀಸ್ ಬಿಟ್ಟರೆ ಸಾಕು, ಮೃದಂಗದ ಎಡಗಡೆ ಚರ್ಮಕ್ಕೆ ರವೆ ಕಲಸಿ ಮೆತ್ತಿ, ನಾದ ಇಳಿಯಿತಾ ಅಂತ ತಟ್ಟಿ ನೋಡೋಕೂ ಪುರುಸೊತ್ತು. ಮನೆಯಲ್ಲಿ ಅಭ್ಯಾಸ ಮಾಡದೆ ಹೋಗಿದ್ದರೆ ರೈಲಿನಲ್ಲೇ ಲ್ಯಾಪ್‌ಟಾಪ್ ಬ್ಯಾಗಿನ ಮೇಲೆ ಬೆರಳಾಡಿಸಿಕೊಳ್ತೀನಿ. ಪಕ್ಕದವರು ಒಂದ್ಸಲ ತಿರುಗಿ ನೋಡ್ತಾರೆ, ಆಮೇಲೆ ಸುಮ್ಮನಾಗ್ತಾರೆ.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಡಬಲ್ ಡೆಕ್ಕರ್: ಕೆಳಗೆ ಹಳೇ ರಸ್ತೆ, ನಡುವೆ ಮೇಲ್ಸೇತುವೆ, ಎಲ್ಲಕ್ಕಿಂತ ಮೇಲೆ ನಾವು. ಒಂದು ಬೆಳಿಗ್ಗೆ ಬಾಗಿಲಿಗೆ ಒರಗಿಕೊಂಡಿದ್ದ ಹುಡುಗನೊಬ್ಬ ಸ್ಟ್ಯಾಂಡ್-ಅಪ್ ಕಾಲ್‌ನಲ್ಲಿದ್ದ, ಅಂದರೆ ಯಾರ ಕೆಲಸಕ್ಕೆ ಏನು ಅಡ್ಡ (ಬ್ಲಾಕರ್) ಬಂದಿದೆ ಅಂತ ಟೀಮಿಗೆ ಹೇಳೋ ದಿನದ ಮೀಟಿಂಗಿನಲ್ಲಿ. ಕೆಳಗೆ ಬಸ್ಸು, ಟೆಂಪೋ ಎಲ್ಲ ಕಚ್ಚಿಕೊಂಡು ನಿಂತಿರೋದನ್ನೇ ನೋಡ್ತಾ, ‘ನನ್ನ ಕಡೆಯಿಂದ ಬ್ಲಾಕರ್ ಏನಿಲ್ಲ’ ಅಂದ. ನಗು ತಡೆಯೋಕಾಗಲಿಲ್ಲ.

ಚಾಲಕರಿಲ್ಲದೆಯೂ ಓಡೋ ಹಾಗೆ ಮಾಡಿರೋ ರೈಲು ಇದು. ಹಿಂದಿರೋದು ಸಿಬಿಟಿಸಿ ಅನ್ನೋ ಸಿಗ್ನಲ್ ವ್ಯವಸ್ಥೆ. ತಾನೆಲ್ಲಿದೀನಿ ಅಂತ ರೈಲು ರೇಡಿಯೋದಲ್ಲಿ ಹೇಳ್ತಾನೇ ಇರತ್ತೆ, ಮುಂದೆ ಎಲ್ಲಿವರೆಗೆ ಬರಬಹುದು ಅಂತ ಸಿಗ್ನಲ್ ವ್ಯವಸ್ಥೆಯ ಕಡೆಯಿಂದ ಅಪ್ಪಣೆ ಬರ್ತಾನೇ ಇರತ್ತೆ. ನಮ್ಮ ಸರ್ವರ್‌ಗಳು ಇಷ್ಟು ನೀಟಾಗಿ ಮಾತಾಡಿಕೊಂಡಿದ್ದರೆ ರಾತ್ರಿ ಎರಡಕ್ಕೆ ನನ್ನ ಫೋನ್ ಹೊಡ್ಕೊಳ್ತಿರಲಿಲ್ಲ.

ತಲೆನೋವಿರೋದು ಇಳಿದ ಮೇಲೆ. ನನ್ನ ಆಫೀಸಿನ ದಾರಿಯಲ್ಲಿ ಫುಟ್‌ಪಾತ್ ಒಂದು ಟ್ರಾನ್ಸ್‌ಫಾರ್ಮರ್ ಹತ್ರ ಮುಗಿದೇ ಹೋಗತ್ತೆ. ಅಲ್ಲಿಂದ ರಸ್ತೆಗಿಳಿದು, ಎದುರಿಗೆ ರಾಂಗ್ ಸೈಡಲ್ಲಿ ಬರೋ ಸ್ಕೂಟರ್‌ಗಳಿಗೆ ದಾರಿ ಬಿಟ್ಟುಕೊಂಡು ನಡೀಬೇಕು. ಆಟೋದವರನ್ನ ಕೇಳಿದರೆ ಮೆಟ್ರೋ ಟಿಕೆಟ್ಟಿಗಿಂತ ಜಾಸ್ತಿ ಹೇಳ್ತಾರೆ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಒಂದು ಜೊತೆ ಚಪ್ಪಲಿ ಇಟ್ಟುಕೊಂಡೇ ಓಡಾಡ್ತೀನಿ.

ಹೊಸದಾಗಿ ಹೋಗೋರಿಗೆ ಒಂದು ಮಾತು: ಆಫೀಸ್ ಎಲೆಕ್ಟ್ರಾನಿಕ್ ಸಿಟಿ ಅಂದ ಮಾತ್ರಕ್ಕೆ ಅದೇ ಹೆಸರಿನ ನಿಲ್ದಾಣದಲ್ಲಿ ಇಳೀಬೇಡಿ. ಎಷ್ಟೋ ಜನಕ್ಕೆ ಮುಂದಿನ ಕೋನಪ್ಪನ ಅಗ್ರಹಾರವೇ ಹತ್ತಿರ. ಸಂಜೆ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸೋರು ಬಾಗಿಲು ತೆಗೆಯೋ ಮುಂಚೆನೇ ನುಗ್ಗೋಕೆ ಶುರು ಮಾಡ್ತಾರೆ. ಅವರನ್ನ ಮುಂದೆ ಬಿಟ್ಟು ನಿಧಾನಕ್ಕೆ ಇಳೀರಿ.